ದಪ್ಪಕ್ಷರವೆಲ್ಲ ತಲೆಬರಹವಲ್ಲ

ವಾಚಕರೇ, ದಪ್ಪಕ್ಷರದಲ್ಲಿ ಬರೆದುದೆಲ್ಲ ತಲೆಬರಹವಾದೀತೆ? ಜಾಲಪುಟದಲ್ಲಂತೂ ಆಗದು. ಅಲ್ಲಿ ತಲೆಬರಹಕ್ಕೆಂದೇ ‘ಎಚ್೧’ರಿಂದ ‘ಎಚ್೬’ರವರೆಗೆ ಆರು ಟ್ಯಾಗುಗಳುಂಟು, ೧೯೯೫ರ ಎಚ್‌ಟಿಎಂಎಲ್ ೨.೦ ನಿಯಮಾವಳಿಯಲ್ಲೇ ಅವು ಸೇರಿವೆ. ಮೊದಲನೆಯದು ಪುಟದ ಹೆಸರಿಗೆ, ಎರಡನೆಯದು ಪ್ರಕರಣಕ್ಕೆ, ಮೂರನೆಯದು ಅದರೊಳಗಿನ ಭಾಗಕ್ಕೆ. ಇದರಿಂದ ಗೂಗಲಿನಂಥ ಹುಡುಕುಯಂತ್ರಕ್ಕೆ ಪುಟದ ರಚನೆ ತಿಳಿಯುತ್ತದೆ.

ಕಣ್ಣು ಕಾಣದವರಿಗೆ ಇದರ ಉಪಯೋಗ ಇನ್ನೂ ಹೆಚ್ಚು. ಪುಟವನ್ನು ಓದಿ ಹೇಳುವ ‘ಎನ್‌ವಿಡಿಎ’ ತಂತ್ರಾಂಶದಲ್ಲಿ ‘ಎಚ್’ ಕೀಲಿಯೊತ್ತಿದರೆ ಮುಂದಿನ ತಲೆಬರಹಕ್ಕೆ ಹಾರಬಹುದು. ಟ್ಯಾಗಿಲ್ಲದಿದ್ದರೆ ತಮಗೆ ಬೇಕಾದ ಸಾಲು ಬರುವವರೆಗೆ ಎಲ್ಲವನ್ನೂ ಕೇಳುತ್ತ ಕೂರಬೇಕು.

ಸಂಘಗಳ ಜಾಲಪುಟ ಸಿದ್ಧಪಡಿಸುವ ತರುಣರಲ್ಲಿ ಒಂದು ಬಿನ್ನಹ: ‘ರಾಜ್ಯೋತ್ಸವದ ನಾಟಕ’ ಎಂಬುದನ್ನು ಚಿತ್ರವಾಗಿ ಅಂಟಿಸದೆ, ಕನ್ನಡ ಅಕ್ಷರಗಳಲ್ಲಿಯೇ ಬರೆದು ತಕ್ಕ ಟ್ಯಾಗು ಹಚ್ಚಿರಿ. ಹುಡುಕುವವರಿಗೆ ಸಿಕ್ಕೀತು, ಕೇಳುವವರಿಗೆ ದಾರಿಯಾದೀತು.