‘ಕಷ್ಟಪಟ್ಟರು, ಮೇಲೆ ಬಂದರು’ ಅನ್ನೋ ಕಥೆ

ಅಮೆರಿಕದಲ್ಲಿರುವ ನಮ್ಮವರು ನಾಲ್ಕು ಜನ ಸೇರಿ ವಲಸೆಯ ಮಾತು ಬಂತೆಂದರೆ, ಯಾರಾದರೊಬ್ಬರು ಈ ಡೈಲಾಗ್ ಹೊಡೆದೇ ಹೊಡೆಯುತ್ತಾರೆ: "ಇಟಾಲಿಯನ್ನರನ್ನ ನೋಡ್ರೀ. ಬರಿಗೈಲಿ ಬಂದ್ರು, ಬಾಯಿ ಮುಚ್ಕೊಂಡು ದುಡಿದ್ರು, ಮೇಲೆ ಬಂದ್ರು. ಕಪ್ಪು ಜನಕ್ಕೆ ಯಾಕೆ ಆಗಲ್ಲ?" ಒಂದು ಕಾಲಕ್ಕೆ ನಾನೂ ಹೌದೌದು ಅಂತ ತಲೆಯಾಡಿಸಿದ್ದೆ. ಈಗ ಆಡಿಸೋದಿಲ್ಲ. ಕಾರಣ, ನ್ಯೂ ಆರ್ಲಿಯನ್ಸ್.

ಆ ಊರಿಗೆ ಹೋದವರೆಲ್ಲ ಫ್ರೆಂಚ್ ಕ್ವಾರ್ಟರ್‌ನಲ್ಲಿ ಮಫುಲೆಟಾ ಸ್ಯಾಂಡ್‌ವಿಚ್ ತಿಂದು ಫೋಟೊ ಹಾಕುತ್ತಾರೆ. ಎಳ್ಳು ಉದುರಿಸಿದ ದುಂಡನೆಯ ಬ್ರೆಡ್ಡು, ಒಳಗೆ ಮಾಂಸ, ಚೀಸ್, ಹುಳಿ ಹಿಡಿದ ಆಲಿವ್. ಸಿಸಿಲಿಯವರ ಕೈರುಚಿ ಅದು. ಆ ಬೀದಿಗಳಿಗೆ ಆಗ ‘ಪುಟ್ಟ ಪಲೆರ್ಮೊ’ ಅಂತಲೇ ಹೆಸರಿತ್ತು. ಅವರು ಅಲ್ಲಿಗೆ ಬಂದದ್ದಾದರೂ ಹೇಗೆ? ಗುಲಾಮಗಿರಿ ಮುಗಿದ ಮೇಲೆ ಲೂಸಿಯಾನದ ಕಬ್ಬಿನ ತೋಟಗಳ ಮಾಲೀಕರಿಗೆ ಅಗ್ಗದ ಆಳುಗಳು ಬೇಕಿದ್ದರು. ಪಲೆರ್ಮೊದಿಂದ ಹಡಗುಗಳು ನೇರ ನ್ಯೂ ಆರ್ಲಿಯನ್ಸ್‌ಗೆ ಬಂದವು. ಕಥೆ ಶುರುವಾಗುವುದೇ ಕಪ್ಪು ಜನರ ಜಾಗದಲ್ಲಿ.

1890ರ ಅಕ್ಟೋಬರ್ 15ರ ರಾತ್ರಿ ಊರಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನ್ನೆಸ್ಸಿಯ ಮೇಲೆ ಗುಂಡು ಹಾರಿತು. ಮರುದಿನ ಆತ ಸತ್ತ. ಸಾಯುವ ಮುಂಚೆ ಇಟಾಲಿಯನ್ನರನ್ನು ಹೀಯಾಳಿಸುವ ಒಂದು ಪದ ಉಸುರಿದ ಅಂತ ಸುದ್ದಿಯಾಯಿತು. ಅಷ್ಟು ಸಾಕಾಯ್ತು. ಕೇರಿ ಕೇರಿ ಜಾಲಾಡಿದರು, 19 ಮಂದಿಯ ಮೇಲೆ ಆರೋಪ ಹೊರಿಸಿದರು. ಮೊದಲು ವಿಚಾರಣೆ ನಡೆದದ್ದು 9 ಜನರದ್ದು. 1891ರ ಮಾರ್ಚ್ 13ರಂದು 6 ಜನ ಖುಲಾಸೆಯಾದರು, ಉಳಿದ 3 ಜನರ ಬಗ್ಗೆ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ.

ಮರುದಿನ ಬೆಳಿಗ್ಗೆ ಸಾವಿರಾರು ಜನ ಜೈಲಿಗೆ ನುಗ್ಗಿ 11 ಮಂದಿಯನ್ನು ಕೊಂದರು. ಅವರಲ್ಲಿ 5 ಜನರ ವಿಚಾರಣೆಯೇ ನಡೆದಿರಲಿಲ್ಲ. ಪುಂಡರ ಕೆಲಸ ಅಂದ್ಕೋಬೇಡಿ. ಮುಂದಾಳು ಒಬ್ಬ ವಕೀಲ. ಗುಂಪಿನಲ್ಲಿದ್ದ ಜಾನ್ ಪಾರ್ಕರ್ 1920ರಲ್ಲಿ ಆ ರಾಜ್ಯದ ಗವರ್ನರ್ ಆದ. ಮುಂದೆ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟ್ ಆಗಿದ್ದು ಒಳ್ಳೇದೇ ಅನ್ನೋ ಅರ್ಥದಲ್ಲಿ ತನ್ನಕ್ಕನಿಗೆ ಕಾಗದ ಬರೆದಿದ್ದ. ಓದಿದವರು, ಮರ್ಯಾದಸ್ಥರು ಸ್ವಾಮಿ, ನಮ್ಮ ನಿಮ್ಮ ಥರದವರು.

ಡೈಲಾಗ್ ಹೊಡೆಯುವವರು ನೋಡಬೇಕಾದ್ದು ಇದರ ಮುಂದಿನದನ್ನ. ಇಟಲಿ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. 1892ರಲ್ಲಿ ಅಮೆರಿಕ ಸುಮಾರು 25,000 ಡಾಲರ್ ಪರಿಹಾರ ಕೊಟ್ಟಿತು. ಅದೇ ವರ್ಷ ಕೊಲಂಬಸ್ ಬಂದು 400 ವರ್ಷವಾಯಿತೆಂದು ದೇಶವೇ ಹಬ್ಬ ಮಾಡಿತು. ಅದೇ ದಕ್ಷಿಣದಲ್ಲಿ ಮರಕ್ಕೆ ನೇತುಹಾಕಿದ ಕಪ್ಪು ಜನರ ಪರವಾಗಿ ಯಾವ ರಾಯಭಾರಿಯಿದ್ದ? ಬೀದಿಯಲ್ಲಿ ಏನೇ ಬೈಸಿಕೊಂಡರೂ, ಪೌರತ್ವದ ಕಾನೂನಿನ ಕಣ್ಣಿಗೆ ಇಟಾಲಿಯನ್ನರು ಬಿಳಿಯರೇ. ನಾವು? ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್‌ಗೆ, ನೀನು ಬಿಳಿಯನಲ್ಲ, ನಿನಗೆ ಪೌರತ್ವವಿಲ್ಲ ಅಂತ 1923ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಅವನೇನು ಕಷ್ಟಪಟ್ಟಿರಲಿಲ್ಲವೇ?

ದುಡಿಮೆ ಸುಳ್ಳು ಅಂತ ನಾನು ಹೇಳ್ತಿಲ್ಲ. ದುಡಿದವರಿಗೆಲ್ಲ ಬಾಗಿಲು ತೆರೆಯಲಿಲ್ಲ ಅಂತಿದೀನಿ. ತೆರೆದ ಬಾಗಿಲು ದಾಟಿದ ಮೇಲೆ ಏನು ಮಾಡ್ತೀವಿ ಅನ್ನೋದು ನಮ್ಮ ಕೈಲಿರುತ್ತೆ. ಸಿಸಿಲಿಯವರ ಮಗ ನಿಕ್ ಲರೋಕಾ 1917ರಲ್ಲಿ ಮೊಟ್ಟಮೊದಲ ಜಾಝ್ ರೆಕಾರ್ಡ್ ಹೊರತಂದ ತಂಡದ ನಾಯಕ. ವಯಸ್ಸಾದ ಮೇಲೆ, ಜಾಝ್‌ಗೂ ಕಪ್ಪು ಜನರಿಗೂ ಸಂಬಂಧವೇ ಇಲ್ಲ ಅಂತ ವಾದಿಸಿದ. ಅದೇ ಊರಿನ, ಅದೇ ಮೂಲದ ಕೋಸಿಮೊ ಮಟಾಸಾ ತನ್ನ ಸ್ಟುಡಿಯೊದಲ್ಲಿ ಫ್ಯಾಟ್ಸ್ ಡಾಮಿನೊ ಥರದ ಕಪ್ಪು ಕಲಾವಿದರ ಹಾಡು ಮುದ್ರಿಸಿ ಲೋಕಕ್ಕೆ ಕೇಳಿಸಿದ. ಇಬ್ಬರ ಮುಂದೆಯೂ ದಾರಿ ಎರಡಿತ್ತು.

ನಮ್ಮ ಮುಂದೆಯೂ ಎರಡಿದೆ. ನಮ್ಮ ಡಿಗ್ರಿಗೆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಗಿಳಿದು, ಏಟು ತಿಂದು ಗಳಿಸಿದ ನಾಗರಿಕ ಹಕ್ಕುಗಳ ಅಲೆಯಲ್ಲೇ ಅದೂ ಬಂತು. ಆ ಮನೆಯೊಳಗೆ ಕೂತು ಅವರಿಗೇ ಬುದ್ಧಿ ಹೇಳೋದಿದೆಯಲ್ಲ, ಅದು ಲರೋಕಾನ ದಾರಿ.

ಆ 11 ಜನರ ಸಾವಿಗೆ ನ್ಯೂ ಆರ್ಲಿಯನ್ಸ್ ಅಧಿಕೃತವಾಗಿ ಕ್ಷಮೆ ಕೇಳಿದ್ದು 2019ರಲ್ಲಿ. ಊರಿನ ಪರವಾಗಿ ಕ್ಷಮೆ ಕೇಳಿದ ಮೇಯರ್ ಲಟೋಯಾ ಕ್ಯಾಂಟ್ರೆಲ್, ಒಬ್ಬ ಕಪ್ಪು ಹೆಂಗಸು. ಮುಂದಿನ ಸಲ ಡೈಲಾಗ್ ಹೊಡೆಯೋ ಮುಂಚೆ ಇಷ್ಟು ನೆನಪಿರಲಿ.