ಕಗ್ಗ ಭತ್ತಕ್ಕೆ ಉಪ್ಪು ಏಕೆ ಸಹ್ಯ?

ಉತ್ತರ ಕನ್ನಡದ ಕುಮಟಾ ಸೀಮೆಯಲ್ಲಿ, ಅಘನಾಶಿನಿ ಕಡಲು ಸೇರುವ ಅಳಿವೆಯ ಪಕ್ಕದಲ್ಲಿ ಗಜನಿ ಗದ್ದೆಗಳಿವೆ. ಬೇಸಿಗೆಯಲ್ಲಿ ಅಲ್ಲಿಗೆ ಉಬ್ಬರದ ಉಪ್ಪುನೀರು ನುಗ್ಗುತ್ತದೆ. ಸಿಗಡಿ, ಮೀನು ಸಿಗುತ್ತವೆ. ಮಳೆಗಾಲ ಬಂತೆಂದರೆ ಅದೇ ಕೆಸರಿನಲ್ಲಿ ಕಗ್ಗ ಎಂಬ ಭತ್ತ ಆಳೆತ್ತರಕ್ಕೆ ಬೆಳೆಯುತ್ತದೆ. ಅಲ್ಲಿ ಸಾಮಾನ್ಯ ಭತ್ತ ಬಿತ್ತಿದರೆ ಎಲೆಯ ತುದಿ ಸುಟ್ಟಂತಾಗಿ ಪೈರು ಸೊರಗುತ್ತದೆ.

ಉಪ್ಪಿನಿಂದ ಗಿಡಕ್ಕೆ ಎರಡು ಬಗೆಯ ತೊಂದರೆ. ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಬೇರಿನ ಸುತ್ತ ಉಪ್ಪು ಹೆಚ್ಚಾದರೆ ಆಗುವುದೂ ಅದೇ: ಗದ್ದೆ ತುಂಬ ನೀರಿದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳಲಾಗದು. ಎರಡನೆಯದು ನಿಧಾನವಾದ ವಿಷ. ಉಪ್ಪಿನ ಸೋಡಿಯಂ ಎಲೆಗೆ ತಲುಪಿ, ಅಲ್ಲಿ ಪೊಟ್ಯಾಸಿಯಂ ಮಾಡಬೇಕಾದ ಕೆಲಸಕ್ಕೆ ಅಡ್ಡ ಬರುತ್ತದೆ.

ಅದೇ ಅಳಿವೆಯ ಅಂಚಿನ ಕಾಂಡ್ಲ ಗಿಡಗಳು ಇದಕ್ಕೆ ಗಟ್ಟಿ ಉತ್ತರ ಕಂಡುಕೊಂಡಿವೆ. ರೈಜೋಫೋರಾ ಜಾತಿಯವು ನೀರಿನಲ್ಲಿರುವ ಉಪ್ಪಿನ ಶೇ 90ಕ್ಕೂ ಹೆಚ್ಚು ಪಾಲನ್ನು ಬೇರಿನಲ್ಲೇ ತಡೆಯುತ್ತವೆ. ಅವಿಸೀನಿಯಾ ಜಾತಿಯವು ಒಳಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತವೆ. ಆ ಎಲೆಯನ್ನು ನೆಕ್ಕಿದರೆ ನಾಲಿಗೆಗೆ ಉಪ್ಪು ಹತ್ತುತ್ತದೆ.

ಭತ್ತಕ್ಕೆ ಇಂಥ ಗ್ರಂಥಿಗಳಿಲ್ಲ. ಉಪ್ಪು ತಾಳುವ ಭತ್ತದ ತಳಿಗಳು ಬೇರೆ ದಾರಿ ಹಿಡಿದಿವೆ. ಬೇರಿನಿಂದ ಮೇಲೇರುವ ರಸದಲ್ಲಿನ ಸೋಡಿಯಂ ಎಲೆ ಮುಟ್ಟುವ ಮೊದಲೇ ಅದನ್ನು ಹಿಂದಕ್ಕೆ ಸೆಳೆಯುತ್ತವೆ. ಈ ಕೆಲಸ ಮಾಡುವ ಒಂದು ಜೀನನ್ನು 2005ರಲ್ಲಿ ವಿಜ್ಞಾನಿಗಳು ಗುರುತಿಸಿದ್ದು ಬಂಗಾಳದ ನೋನಾ ಬೋಕ್ರಾ ಎಂಬ ನಾಟಿ ಭತ್ತದಲ್ಲಿ. ಅಷ್ಟಾದರೂ ನುಸುಳಿದ್ದನ್ನು ಹಳೆಯ ಎಲೆಗಳಿಗೆ ತಳ್ಳಿ ಎಳೆಯ ಎಲೆಗಳನ್ನು ಕಾಯುತ್ತವೆ, ಇಲ್ಲವೇ ಜೀವಕೋಶದೊಳಗಿನ ರಸಕೋಶದಲ್ಲಿ ಕೂಡಿಡುತ್ತವೆ. ನೀರು ಹಿಡಿದಿಟ್ಟುಕೊಳ್ಳಲು ಪ್ರೋಲೀನ್‌ನಂಥ ವಸ್ತುಗಳನ್ನೂ ತಯಾರಿಸಿಕೊಳ್ಳುತ್ತವೆ.

ಇದಕ್ಕೆಲ್ಲ ಶಕ್ತಿ ಬೇಕು. ಕಾಳು ಕಟ್ಟಲು ಹೋಗಬೇಕಾದ ಆಹಾರದ ಒಂದು ಪಾಲು ಉಪ್ಪಿನ ಕಾವಲಿಗೆ ಖರ್ಚಾಗುತ್ತದೆ. ತಾಳಿಕೆಯೂ ಇರಲಿ, ಭರ್ಜರಿ ಇಳುವರಿಯೂ ಬರಲಿ ಎಂದರೆ ಸುಲಭವಲ್ಲ. ಮೇಲಾಗಿ ಈ ಸಾಮರ್ಥ್ಯ ಒಂದೇ ಜೀನಿನ ಕೊಡುಗೆಯಲ್ಲ. ಹಲವು ಜೀನುಗಳು ಸೇರಿ ನಡೆಸುವ ಕೆಲಸ.

ಕಗ್ಗದ ಯಶಸ್ಸಿನಲ್ಲಿ ರೈತರ ಪಾಲನ್ನು ನಾವು ಮರೆಯುತ್ತೇವೆ ಎಂಬುದು ನನ್ನ ಬೇಸರ. ಸಸಿಯಾಗಿದ್ದಾಗ ಮತ್ತು ಹೂಬಿಡುವಾಗ ಭತ್ತ ಉಪ್ಪಿಗೆ ಬೇಗ ಸೋಲುತ್ತದೆ. ಅದನ್ನರಿತೇ ಗಜನಿಯ ರೈತರು ಮಳೆ ಹಿಡಿದು ಉಪ್ಪು ತೊಳೆದುಹೋಗುವ ಹೊತ್ತಿಗೆ ಮೊಳಕೆ ಬೀಜ ಚೆಲ್ಲುತ್ತಾರೆ, ಕಟ್ಟೆಯ ಬಾಗಿಲು ಹಾಕಿ ಉಬ್ಬರವನ್ನು ತಡೆಯುತ್ತಾರೆ. ಬೀಜ ಅರ್ಧ ಕೆಲಸ ಮಾಡಿದರೆ ಇನ್ನರ್ಧ ಮಳೆಯದು, ಕಟ್ಟೆಯದು.

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯ ಸವಳು ನೆಲದ ವಿಷಯದಲ್ಲಿ ಈ ಮಾತು ಮುಖ್ಯ. ಅಲ್ಲಿ ಉಪ್ಪು ತಂದದ್ದು ಕಡಲಲ್ಲ. ಕಪ್ಪು ಮಣ್ಣಿಗೆ ವರ್ಷಗಟ್ಟಲೆ ಹೆಚ್ಚು ನೀರು ಹರಿಸಿದ್ದರಿಂದ ಅಂತರ್ಜಲ ಮೇಲೆ ಬಂತು. ನೀರು ಆವಿಯಾಗಿ ಲವಣ ಮೇಲ್ಮಣ್ಣಿನಲ್ಲಿ ಉಳಿಯಿತು. ತಾಳಿಕೆಯ ತಳಿ ಇಲ್ಲಿ ಕೆಲವು ಹಂಗಾಮು ಅನ್ನ ಕೊಟ್ಟೀತು, ಆದರೆ ನೆಲದ ಉಪ್ಪನ್ನು ಇಳಿಸದು. ಅದನ್ನು ಇಳಿಸುವುದು ಬಸಿಗಾಲುವೆ ಮತ್ತು ಮಿತವಾದ ನೀರು.

ಸವಳು ಹೊಲವಿರುವ ರೈತರು ಹೊಸ ಬೀಜಕ್ಕೆ ಹಣ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಲಿ, ನೀರು ಬಸಿದುಹೋಗಲು ದಾರಿಯಿದೆಯೇ ನೋಡಲಿ. ಬಸಿಗಾಲುವೆ ಒಬ್ಬರ ಹೊಲದಲ್ಲಿ ಮುಗಿಯುವ ಕೆಲಸವಲ್ಲವಾದ್ದರಿಂದ, ಊರಿನವರು ಒಟ್ಟಾಗಿ ಅದನ್ನು ಸರ್ಕಾರದಿಂದ ಕೇಳಿ ಪಡೆಯಬೇಕು.