ಕಲ್ಲಿಗೆ ಕಾವಲು, ನೀರಿಗೆ ಯಾರು?

ಹಂಪಿಯ ರಾಣಿಯರ ಸ್ನಾನಗೃಹವನ್ನು ನೋಡಿದವರಿಗೆ ಅದರ ಕಮಾನುಗಳ ಮೊಗಸಾಲೆ, ಕೊಳದತ್ತ ಚಾಚಿಕೊಂಡ ಉಪ್ಪರಿಗೆಗಳು, ಹೊರಗಿನ ಕಂದಕ ನೆನಪಿರುತ್ತವೆ. ನೀರು ಮಾತ್ರ ನೆನಪಿರಲಾರದು. ಕೊಳ ಬತ್ತಿ ಎಷ್ಟೋ ಕಾಲವಾಗಿದೆ. ಅರಮನೆ ಆವರಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿಯ ಪಕ್ಕದಲ್ಲಿಯೇ ಕಲ್ಲಿನ ಮೇಲ್ಗಾಲುವೆಯೂ ನಿಂತಿದೆ. ಇವು ಬಿಡಿ ಕಟ್ಟಡಗಳಲ್ಲ, ಒಂದೇ ಜಲವ್ಯವಸ್ಥೆಯ ಅಂಗಗಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂಗ್ಲೆಂಡಿನ ಬಾತ್ ನಗರದ ರೋಮನ್ ಸ್ನಾನಗೃಹದ ಕಥೆ ಬೇರೆ. ಸುಮಾರು ಎರಡು ಸಾವಿರ ವರ್ಷಗಳ ನಂತರವೂ ಅಲ್ಲಿನ ಬುಗ್ಗೆಯಿಂದ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ಬಿಸಿನೀರು ಉಕ್ಕುತ್ತಿದೆ. ಇದು ಪ್ರಕೃತಿಯ ಕೃಪೆ ಮಾತ್ರವಲ್ಲ. ಬುಗ್ಗೆಗೆ ಧಕ್ಕೆಯಾಗದಂತೆ ನಗರದ ಸುತ್ತ ಆಳವಾಗಿ ಅಗೆಯುವುದನ್ನು 1982ರ ಕಾಯ್ದೆಯೊಂದು ನಿಯಂತ್ರಿಸುತ್ತದೆ. ಅಲ್ಲಿ ಕಟ್ಟಡದೊಂದಿಗೆ ನೀರಿನ ಮೂಲವೂ ಪರಂಪರೆಯೆನಿಸಿದೆ.

ನಮ್ಮ ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದು. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ದೇಗುಲಕ್ಕೆ ಈ ಕಾವಲು ಸಾಕಾಗಬಹುದು. ಆದರೆ ನೀರು ಮೀಟರಿನ ಲೆಕ್ಕ ಕೇಳುವುದಿಲ್ಲ. ಬಾವಿಯ ಸೆಲೆ, ಕೆರೆಯ ಜಲಾನಯನ, ಕಾಲುವೆಯ ಜಾಡು ಇವೆಲ್ಲ ಆ ಗಡಿಯಾಚೆಗೂ ಹಬ್ಬಿರುತ್ತವೆ. ಲಕ್ಕುಂಡಿಯ ಮುಸುಕಿನ ಬಾವಿಯಂಥ ಕಲಾಕೃತಿಗೂ ಈ ಮಾತು ಅನ್ವಯಿಸುತ್ತದೆ.

ಕೆಲಗೇರಿಯ ನಿವಾಸಿಯಾದ ನನಗೆ ಇದು ದೂರದ ಪ್ರಶ್ನೆಯಲ್ಲ. ಒಂದು ಕಾಲಕ್ಕೆ ಧಾರವಾಡಕ್ಕೆ ಕುಡಿಯುವ ನೀರುಣಿಸಿದ ನಮ್ಮೂರ ಕೆರೆ, ಚರಂಡಿ ನೀರು ಮತ್ತು ಜಲಕಳೆಯ ಕಾರಣಕ್ಕೆ ಮತ್ತೆ ಮತ್ತೆ ಸುದ್ದಿಯಾಗಿದೆ. ಏರಿ ಗಟ್ಟಿಯಾಗಿದ್ದರೆ ಕೆರೆ ಉಳಿದಂತಲ್ಲ; ಅದಕ್ಕೆ ಹರಿದು ಬರುವುದೇನು ಎಂಬುದೇ ಕೆರೆಯ ಹಣೆಬರಹ.

ನಿರ್ಬಂಧ ಹೆಚ್ಚಿದರೆ ಸ್ಮಾರಕಗಳ ನೆರೆಯಲ್ಲಿ ಬದುಕುವವರಿಗೆ ಸಂಕಷ್ಟವೆಂಬ ಆಕ್ಷೇಪವಿದೆ. ಅದು ನ್ಯಾಯವಾದದ್ದೇ. ಮನೆಯ ಮಾಡು ದುರಸ್ತಿಗೂ ಪರವಾನಗಿಗಾಗಿ ಅಲೆಯಬೇಕಾದವನಿಗೆ ಪರಂಪರೆಯ ಮೇಲೆ ಪ್ರೀತಿ ಹುಟ್ಟೀತು ಹೇಗೆ? ಆದ್ದರಿಂದ ನಾನು ಕೇಳುತ್ತಿರುವುದು ವರ್ತುಲವನ್ನು ಹಿಗ್ಗಿಸಬೇಕೆಂದಲ್ಲ, ನೀರಿನ ದಾರಿಯನ್ನು ಗುರುತಿಸಬೇಕೆಂದು. ಹಳೆಯ ಕಾಲುವೆ, ಹಳ್ಳಗಳು ಕಂದಾಯ ನಕ್ಷೆಯಲ್ಲಿ ಸ್ಪಷ್ಟವಾಗಿ ದಾಖಲಾಗಲಿ. ಬಡಾವಣೆಗೆ ಅನುಮತಿ ಕೊಡುವ ಮುನ್ನ ಅಧಿಕಾರಿಗಳು ಆ ನಕ್ಷೆಯನ್ನು ನೋಡುವುದು ಕಡ್ಡಾಯವಾಗಲಿ.

ಇದು ನಮಗೆ ಅಸಾಧ್ಯವಾದುದಲ್ಲ. ವಿಜಯನಗರದ ಅರಸರ ಕಾಲದ ತುಂಗಭದ್ರೆಯ ಕಾಲುವೆಗಳಲ್ಲಿ ಕೆಲವು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಬಳಕೆಯಲ್ಲಿದ್ದುದರಿಂದಲೇ ಅವು ಬದುಕಿವೆ. ಸ್ನಾನಗೃಹಕ್ಕೆ ಬೇಲಿ ಹಾಕಿ, ಅದರ ಕಾಲುವೆಯನ್ನು ಮರೆತ ನಾವು ಈ ಪಾಠವನ್ನು ರೈತರಿಂದಲೇ ಕಲಿಯಬೇಕಾಗಿದೆ.